ಹಾಲೊರತಿಗೆ ಹೊರಟ ಕುಂಟು ಕುದುರೆ

ಹುಚ್ಚವ್ವ ಬೈಕಿನಿಂದ ಇಳಿದವಳು ಮನೆಯೊಳಗೆ ಹೋಗಲಿಲ್ಲ. ಬಗ್ಗಿ ಮುಂದಿನ ಗಾಲಿಯನ್ನು ತಡಕಿದಳು. ಗಾಲಿಯಿಂದ ಮೇಲಕ್ಕೆ ಫೋರ್ಕಿನ ಎರಡೂ ಕಾಲುಗಳನ್ನು, ಕುದುರೆಯ ಮುಂಗಾಲು ನೀವುವಂತೆ ನೀವಿದಳು. ಆಮೇಲೆ ಮೊಮ್ಮಗಳ ಕಡೆ ಮುಖ ಮಾಡಿ ತೀರ್ಪು ಕೊಟ್ಟಳು.

"ನಿನ್ನ ಕುದರಿ ಕುಂಟತೈತಿ ಬೇ. ಮುಂಗಾಲಿನ ಕೀಲು ಸವದಾವ. ಇದರ ಮ್ಯಾಲ ಕುಂತು ನಾ ಹಾಲೊರತಿ ಹುಡುಕಾಕ ಆಗಂಗಿಲ್ಲ."

ಸುಧಾರಾಣಿಯ ಮುಖ ಸಪ್ಪಗಾಯಿತು. ಅವಳು ವಿಜಯಪುರದ ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳುವವಳು. ಈ ಬೈಕು ಅವಳ ಪ್ರಾಣ. ಇಪ್ಪತ್ತೈದು ವರ್ಷದ ಹಳೆಯದು, ರಸ್ತೆ ಇಲ್ಲದ ಕಡೆ ಓಡಲೆಂದೇ ಮಾಡಿದ್ದು. ಎಷ್ಟು ಎತ್ತರವೆಂದರೆ ಜೋರಾಪುರ ಪೇಟೆಯ ಅವಳ ಓಣಿಯಲ್ಲಿ ಅದಕ್ಕೆ ಒಂಟೆ ಎಂದೇ ಹೆಸರು. ಆರು ತಿಂಗಳಿಂದ ಬ್ರೇಕು ಹಿಡಿದಾಗೆಲ್ಲ ಮುಂದೆ 'ಟಕ್' ಎನ್ನುತ್ತಿತ್ತು. ಫೋರ್ಕಿನ ಬುಷ್ ಸವೆದಿದೆ ಎಂದು ಅವಳಿಗೂ ಗೊತ್ತಿತ್ತು, ಮುಂದಿನ ತಿಂಗಳು ನೋಡಿದರಾಯಿತು ಎಂದು ದೂಡುತ್ತ ಬಂದಿದ್ದಳು. ಅಜ್ಜಿಗೆ ಕೂರಲು ಆಗುತ್ತದೋ ಇಲ್ಲವೋ ನೋಡೋಣವೆಂದು ತಿಕೋಟಾದ ಬಸ್ ಸ್ಟ್ಯಾಂಡಿನವರೆಗೆ ಒಂದು ಸುತ್ತು ಹಾಕಿಸಿದ್ದಷ್ಟೇ. ಬಿಸಿಲು, ನೆರಳು ಬಿಟ್ಟು ಬೇರೇನೂ ಕಾಣದ ಎಂಬತ್ತರ ಮುದುಕಿ ಅಷ್ಟರಲ್ಲೇ ಮೇಷ್ಟರಮ್ಮನ ಕಳ್ಳಾಟವನ್ನು ಹಿಡಿದುಬಿಟ್ಟಿದ್ದಳು.

ನಗುವ ಹೊತ್ತು ಅದಲ್ಲ. ಬಬಲೇಶ್ವರದ ಆಚೆ ಹದ್ದಿನ ಮಡ್ಡಿ ಎಂಬ ಬೋಳು ಕಲ್ಲುಗುಡ್ಡದ ಮೇಲೆ ಸುಧಾರಾಣಿಯ ಅಣ್ಣ ಶಿವಾಜಿ ಇನ್ನೂರ ನಲವತ್ತು ಕುರಿಗಳ ಹಿಂಡು ಹಾಕಿಕೊಂಡು ಕೂತಿದ್ದ. ಕಾಲುವೆಯ ನೀರು ನಿಂತು ಹದಿನೈದು ದಿನವಾಗಿತ್ತು. ಮಡ್ಡಿಯ ಬುಡದ ಹೊಂಡ ಒಡೆದ ಹಪ್ಪಳವಾಗಿತ್ತು. ಡೋಣಿ ನದಿಯ ನೀರು ಉಪ್ಪು. ಹೋದ ವಾರ ಅದನ್ನು ಕುಡಿದ ಏಳು ಕುರಿಗಳು ಎರಡು ದಿನ ಮೇಲೇಳಲಿಲ್ಲ. ನೀರಿರುವ ಕೆರೆಗೆ ಎರಡು ದಿನದ ದಾರಿ. ಹಿಂಡಿನಲ್ಲಿ ಅರ್ಧಕ್ಕರ್ಧ ಈಗಷ್ಟೇ ಈದ ಕುರಿಗಳು. ನಾಲ್ಕು ದಿನದ ಮರಿಗಳನ್ನು ಆ ಬಿಸಿಲಲ್ಲಿ ಅಷ್ಟು ದೂರ ನಡೆಸಿದರೆ ಕೆರೆ ಮುಟ್ಟುವುದು ತಾಯಿಗಳು ಮಾತ್ರ. ಬ್ಯಾರಲ್‌ನಲ್ಲಿ ಉಳಿದದ್ದು ಎರಡು ದಿನದ ನೀರು.

ಮಡ್ಡಿಯ ಹಿಂದಿನ ಕೊಳ್ಳದಲ್ಲಿ ಎಲ್ಲೋ ಹಾಲೊರತಿ ಇದೆ. ಹಾಲಿನಷ್ಟು ಸಿಹಿ ನೀರಿನ ಒರತೆ ಎಂದು ಹಿರಿಯರು ಇಟ್ಟ ಹೆಸರು. ಈ ಮನೆತನದಲ್ಲಿ ಅದರ ದಾರಿ ಬಲ್ಲವಳು ಹುಚ್ಚವ್ವ ಒಬ್ಬಳೇ, ಮತ್ತು ಅವಳೂ ಆ ದಾರಿಯನ್ನು ಕಣ್ಣಾರೆ ಕಂಡವಳಲ್ಲ. ಏಳು ವರ್ಷದವಳಿದ್ದಾಗ ಹಿಂಡಿನ ಸಾಮಾನು ಹೊತ್ತ ಕುದುರೆಯ ಮೇಲೆ, ಕಂಬಳಿಗಳ ಗಂಟಿನ ನಡುವೆ ಅವಳನ್ನು ಕಟ್ಟಿ ಕೂರಿಸುತ್ತಿದ್ದರು. ಬಿಸಿಲಿಗೆಂದು ಮುಖದ ಮೇಲೆ ಕಂಬಳಿ. ಅರೆನಿದ್ದೆಯಲ್ಲಿ ಮೈಯೇ ದಾರಿ ಕಲಿತಿತ್ತು.

"ಮೊದಲ ಜಾರು," ಎಂದು ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು. "ಆಮ್ಯಾಲ ಮೂರು ತೊಟ್ಟಿಲು. ಆಮ್ಯಾಲ ದವಡಿ, ಹಲ್ಲು ಹಲ್ಲು ಹಲ್ಲು. ದವಡಿ ಮುಗಿತಂದ್ರ ಹಾಸಿಗಿ. ಹಾಸಿಗಿ ಬಂತಂದ್ರ ಇಳೀಬೇಕು, ಅಗೀಬೇಕು."

ಕುದುರೆ ಸಾಕುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು, ಈಗ ಸಾಮಾನೆಲ್ಲ ಟೆಂಪೋದಲ್ಲಿ ಹೋಗುತ್ತದೆ. ಕೊಳ್ಳಕ್ಕೆ ಟೆಂಪೋ ಇಳಿಯುವುದಿಲ್ಲ, ಅಜ್ಜಿಗೆ ನಡೆಯಲು ಆಗುವುದಿಲ್ಲ. ಹಾಗಾಗಿ ಸುಧಾರಾಣಿ ರಜೆ ಹಾಕಿ ಒಂಟೆಯನ್ನು ತಂದಿದ್ದಳು. ಮನೆತನದಲ್ಲಿ ಕುರಿ ಬಿಟ್ಟು ಹೋದ ಮೊದಲಿಗಳು ಅವಳು. ಹೋದ ಸಲ ಉಣ್ಣೆ ಕತ್ತರಿಸುವಾಗ ಮರಿ ಹಿಡಿಯಲು ಬಾರದೆ ಒದ್ದಾಡಿದ್ದಕ್ಕೆ ಶಿವಾಜಿ, "ಬಿಡ ತಂಗಿ, ನಿನ್ನ ಕೈಗೆ ಪಾನಾನ ಸೈ" ಎಂದು ಅವಳ ಸ್ಪ್ಯಾನರಿನತ್ತ ಕೈ ತೋರಿಸಿ ನಕ್ಕಿದ್ದ. ಅವನು ತಮಾಷೆಗೆ ಅಂದದ್ದು. ಆದರೆ ಆ ಮುಳ್ಳು ಒಳಗೆ ಮುರಿದು ಕೂತಿತ್ತು.

"ಆತು ಆಯಿ," ಎಂದಳು. "ಇವತ್ತು ಕೀಲು ಸರಿ ಮಾಡತೀನಿ. ನಾಳೆ ನಸುಕಿನ್ಯಾಗ ಹೊರಡೂನು."

*

ಫೋರ್ಕು ಎಂದರೆ ಒಂದರೊಳಗೊಂದು ಜಾರುವ ಕೊಳವೆಗಳ ಜೋಡಿ, ಗಾಲಿಯ ಎಡಕ್ಕೊಂದು ಬಲಕ್ಕೊಂದು. ಒಳಗೆ ಸ್ಪ್ರಿಂಗು, ಎಣ್ಣೆ. ಎರಡು ಕೊಳವೆಗಳ ನಡುವೆ, ಮೇಲೊಂದು ಕೆಳಗೊಂದು, ಬೆರಳಗಲದ ಬಳೆ, ಅದೇ ಬುಷ್. ಬಳೆ ಸವೆದರೆ ಕೊಳವೆ ಒಳಗೇ ತೊನೆಯುತ್ತದೆ, ಬಡಿಯುತ್ತದೆ.

ಕಾಕಾ ಧೂಳಪ್ಪ ನೋಡಿಕೊಳ್ಳುವ ಒಣದ್ರಾಕ್ಷಿ ಶೆಡ್ಡಿನಲ್ಲಿ, ಖಾಲಿ ಕ್ರೇಟುಗಳ ಮೇಲೆ ಬೈಕಿನ ಹೊಟ್ಟೆ ಆನಿಸಿ, ಅವಳು ಎರಡೂ ಕಾಲು ಬಿಚ್ಚಿದಳು. ತಳದ ಬೋಲ್ಟು ಕಳಚಿ, ಒಳಕೊಳವೆಯನ್ನು ಹಿಡಿದು ಸೆಳೆದಳು. ಬರಲಿಲ್ಲ. ಧೂಳಪ್ಪ ಕೆಳಗಿನ ತುದಿ ಗಟ್ಟಿ ಹಿಡಿದ. ಒಮ್ಮೆ, ಎರಡು ಬಾರಿ, ಐದು ಬಾರಿ ಜಗ್ಗಿದ ಮೇಲೆ ಸೀಲು, ಬಳೆ ಎಲ್ಲ ಒಟ್ಟಿಗೆ ಹೊರಬಿದ್ದವು. ಬಳೆಯ ಒಳಗಿನ ಬೂದು ಲೇಪ ಪೂರ್ತಿ ಸವೆದು ಕೆಂಪು ತಾಮ್ರ ಹೊಳೆಯುತ್ತಿತ್ತು.

ಹುಚ್ಚವ್ವನ ಹಳೆಯ ಇಳಕಲ್ಲ ಸೀರೆಯಲ್ಲಿ ಎರಡೂ ಕಾಲು ಸುತ್ತಿಕೊಂಡು ಸುಧಾರಾಣಿ ವಿಜಯಪುರದ ಬಸ್ಸು ಹತ್ತಿದಳು. ಪಕ್ಕದ ಹೆಂಗಸು, "ಕೂಸು ಏನ್ರಿ? ಉದ್ದ ಐತಲ್ಲ," ಎಂದಳು.

ಗಾಂಧಿ ಚೌಕದ ಬಿಡಿಭಾಗದ ಅಂಗಡಿಯವನು ಬಳೆಯನ್ನು ನೋಡಿ ನಕ್ಕ. ತರಿಸಬಹುದು, ಮೂರು ವಾರ ಬೇಕು ಎಂದ. ಮೂರು ವಾರ ಕಾಯುವುದು ಕುರಿಮರಿಗಳಿಗೆ ಗೊತ್ತಿಲ್ಲ. ಅವಳು ಚೌಕದ ಹಿಂದಿನ ಸಂದಿಗೆ ನಡೆದಳು. ಅಲ್ಲಿ ಲೋಹ ಕಡೆಯುವ ಅಕ್ರಮ್‌ನ ಲೇಥು. ಬಾಗಿಲ ಮುಂದೆ ಆಟೋಗಳ ಗದ್ದಲ, ಒಳಗೆ ಒಂದೇ ಒಂದು ಮಷೀನಿನ ಜೋಗುಳ.

"ಬುಷ್ ಸಿಗಂಗಿಲ್ಲಂತ ಮಾರಿ ಸಣ್ಣದ ಮಾಡಬ್ಯಾಡ್ರಿ ಮೇಡಂ," ಎಂದ ಅಕ್ರಮ್, ವರ್ನಿಯರ್ ಇಟ್ಟು ಅಳೆಯುತ್ತ. "ಸಿಗದ ಸಾಮಾನ ಮಾಡಾಕಂತನ ಈ ಲೇಥ್ ಹಾಕೀನಿ."

ಗನ್‌ಮೆಟಲ್ಲಿನ ತುಂಡು ತಿರುಗತೊಡಗಿತು. ಹಳದಿ ಸುರುಳಿಗಳು ನೆಲಕ್ಕೆ ಉದುರಿದವು. ನಡುವೆ ಎಣ್ಣೆ ನಿಲ್ಲಲೆಂದು ಅವನು ಕೂದಲೆಳೆಯಂಥ ಗೀರು ತೆಗೆದ. ನಾಲ್ಕು ಬಳೆಗಳಿಗೆ ನಾಲ್ಕು ತಾಸು. ಕೊನೆಗೆ ಬಳೆ ಕೂರಿಸಿ, ಕೊಳವೆಯನ್ನು ನೆಟ್ಟಗೆ ಹಿಡಿದು, ಒಳಕೊಳವೆಯ ಕೈಬಿಟ್ಟ. ಅದು ಮೆಲ್ಲಗೆ, ನಿಟ್ಟುಸಿರು ಬಿಡುತ್ತ, ತಾನೇ ಇಳಿಯಿತು.

"ನೋಡ್ರಿ, ಬಿದ್ರ ಸಡಿಲ. ನಿಂತ್ರ ಬಿಗಿ. ತನ್ನ ಭಾರಕ್ಕ ತಾನ ಇಳಿದ್ರ ಸರಿ. ಇನ್ನ ಎಣ್ಣಿ ನಿಮಗ ಬಿಟ್ಟದ್ದು. ಎಣ್ಣಿ ತಪ್ಪಿದ್ರ ನನ್ನ ಬುಷ್ ಏನೂ ಮಾಡಂಗಿಲ್ಲ."

ಅವಳು ಫೋರ್ಕಿನ ಎಣ್ಣೆಯ ಡಬ್ಬಿ, ಹೊಸ ಸೀಲುಗಳನ್ನು ಕೊಂಡು, ಇಳಿಹೊತ್ತಿನ ಬಸ್ಸಿಗೆ ಮರಳಿದಳು.

ಈಗ ಆ ಶೆಡ್ಡಿನ ಬಗ್ಗೆ ಒಂದು ಮಾತು. ಹೊರಗೆ ಹಸಿರು ಪರದೆ, ಒಳಗೆ ಒಂದರ ಮೇಲೊಂದು ತಂತಿಬಲೆಯ ಅಂತಸ್ತುಗಳು, ಅವುಗಳ ಮೇಲೆ ಲಕ್ಷಗಟ್ಟಲೆ ದ್ರಾಕ್ಷಿ. ಸಂಜೆಯ ಬೆಳಕು ಪರದೆಯಿಂದ ಸೋಸಿ ಬಂದು ಇಡೀ ಶೆಡ್ಡು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಹತ್ತು ನಿಮಿಷ ನಿಂತರೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ದ್ರಾಕ್ಷಿಯನ್ನು ಒಣಹಾಕುವ ಮುಂಚೆ ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಣ ಬಿಟ್ಟು ಒಳಗಿನ ನೀರು ಬೇಗ ಹಾರಲೆಂದು ಈ ಉಪಾಯ. ಧೂಳಪ್ಪ ಆ ಎಣ್ಣೆಯನ್ನು ದೊಡ್ಡ ಡ್ರಮ್ಮಿನಿಂದ ದಿನದಿನದ ಬಳಕೆಗೆ ಹಳೆಯ ಬೈಕೆಣ್ಣೆಯ ಡಬ್ಬಿಗಳಿಗೆ ತುಂಬಿ ಒಂದು ಹಲಗೆಯ ಮೇಲೆ ಇಡುತ್ತಾನೆ. ತಿಕೋಟಾದ ಶೆಡ್ಡುಗಳಲ್ಲಿ ಡಬ್ಬಿ ಬಿಸಾಡುವುದು ಪಾಪ.

ಅದೇ ಹಲಗೆಯ ಮೇಲೆ ಸುಧಾರಾಣಿ ತನ್ನ ಡಬ್ಬಿಯನ್ನೂ ಇಟ್ಟಿದ್ದಳು. ಮಬ್ಬಾಗುತ್ತಿತ್ತು, ಅವಸರವಿತ್ತು. ಕಾಲಿಗೊಂದು ಅಳತೆಯಂತೆ ಎಣ್ಣೆ ಹೊಯ್ದು ಮುಚ್ಚಳ ಬಿಗಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವಳ ಕೈ ಯಾವ ಡಬ್ಬಿಗೆ ಹೋಗಿತ್ತು ಎಂಬುದು ಮರುದಿನ ಮಧ್ಯಾಹ್ನದವರೆಗೆ ಯಾರಿಗೂ ತಿಳಿಯಲಿಲ್ಲ.

*

ನಸುಕಿನಲ್ಲಿ ಹೊರಟರು. ಧೂಳಪ್ಪ ತನ್ನ ಅವ್ವನನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ಉದ್ದನೆಯ ದಟ್ಟಿಯಿಂದ ಅವಳನ್ನು ಸುಧಾರಾಣಿಯ ಬೆನ್ನಿಗೆ ಕಟ್ಟಿದ. ಹುಚ್ಚವ್ವನ ಕೈಚೀಲದಲ್ಲಿ ಸಜ್ಜೆ ರೊಟ್ಟಿ, ಎಲೆಯಡಿಕೆ, ನೆತ್ತಿ ತಂಪಿಗೆ ಒಂದು ದೊಡ್ಡ ಬಾಟಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ.

"ಹೊತ್ತು ಮುಳುಗೂದ್ರಾಗ ನೀರು ಸಿಗಬೇಕ ತಂಗಿ," ಎಂದ ಧೂಳಪ್ಪ. "ನಿನ್ನೆ ಶಿವಾಜಿ ಫೋನ್ ಮಾಡಿದ್ದ. ಒಂದು ಬ್ಯಾರಲ್ ಸೋರಿ ಹೋಗೈತಂತ."

ಅಂದರೆ ಉಳಿದ ನೀರು ಇವತ್ತು ಸಂಜೆಗೇ ಮುಗಿಯುತ್ತಿತ್ತು. ಸುಧಾರಾಣಿ ಕಿಕ್ ಒದ್ದಳು.

ದ್ರಾಕ್ಷಿ ತೋಟಗಳ ಸಾಲುಗಳು ಕತ್ತಲೆಯಿಂದ ಒಂದೊಂದಾಗಿ ಬಿಚ್ಚಿಕೊಂಡವು. ಅವು ಮುಗಿದ ಮೇಲೆ ಎರೆಭೂಮಿ. ಜೋಳ ಕಿತ್ತ ಹೊಲಗಳು ಆಕಾಶದ ಅಂಚಿನವರೆಗೆ ಮಲಗಿದ್ದವು. ಡೋಣಿಗೆ ಬಂದಾಗ ಸೂರ್ಯ ಮೊಣಕಾಲೆತ್ತರ. ನದಿ ಎನ್ನುವುದು ಈಗ ಒಂದು ತೆಳ್ಳನೆಯ ನೀರಿನ ಗೆರೆ, ಎರಡೂ ದಂಡೆಗೆ ಉಪ್ಪಿನ ಬಿಳಿ ಅಂಚು. ಡೋಣಿ ಬೆಳೆದರೆ ಓಣೆಲ್ಲ ಕಾಳು ಎಂದು ಹಾಡಿಸಿಕೊಂಡ ನದಿ, ಒಂದು ಕುರಿಗೂ ಗುಟುಕು ಕೊಡಲಾರದೆ ಹೊಳೆಯುತ್ತ ಬಿದ್ದಿತ್ತು. ಬೈಕು ಅದನ್ನು ದಾಟುವಾಗ ಎದ್ದ ಹನಿಗಳು ಹುಚ್ಚವ್ವನ ತುಟಿಗೆ ತಾಗಿದವು. ನಾಲಗೆಯಿಂದ ಸವರಿ, "ಡೋಣಿ," ಎಂದಳು.

'ಟಕ್' ಶಬ್ದ ಇರಲಿಲ್ಲ. ಮುಂದಿನ ಗಾಲಿ ತೇಲುವಂತೆ ಹೋಗುತ್ತಿತ್ತು. ಸುಧಾರಾಣಿಗೆ ಹೆಮ್ಮೆ. ಹುಚ್ಚವ್ವ ಮಾತ್ರ ಹೊಗಳಲಿಲ್ಲ. ಬಬಲೇಶ್ವರ ದಾಟಿ ಮಣ್ಣುದಾರಿ ಹಿಡಿದ ಮೇಲೆ ಒಮ್ಮೆ, "ಭಾಳ ಮೆತ್ತಗ ಆತೇನೋ," ಎಂದಳಷ್ಟೇ.

ದೂರದಲ್ಲಿ ಬಿಸಿಲ್ಗುದುರೆ ಎದ್ದಿತು. ನೆಲ ಎಲ್ಲಿ ಮುಗಿಯುತ್ತದೆ, ಬೆಳಕು ಎಲ್ಲಿ ಶುರುವಾಗುತ್ತದೆ ತಿಳಿಯದ ಆ ನಡುಗುವ ಗೆರೆಯ ಮೇಲೆ ಹದ್ದಿನ ಮಡ್ಡಿ ಬುಡವಿಲ್ಲದೆ ತೇಲುತ್ತಿತ್ತು. ಅದರತ್ತ ಹೋದಷ್ಟೂ ಅದು ಹಿಂದೆ ಸರಿಯಿತು. ಆಮೇಲೆ ಒಮ್ಮೆಗೇ ಎದುರಿಗೆ ಬಂದು ನಿಂತಿತು.

ಶಿವಾಜಿ ಮತ್ತು ಅವನ ಹೆಂಡತಿ ಚಂದ್ರಕಲಾ ಹಟ್ಟಿಯ ಮುಂದೆ ಕಾಯುತ್ತಿದ್ದರು. ಕುರಿಗಳು ಒಂದರ ನೆರಳಿಗೆ ಒಂದು ತಲೆ ಹಾಕಿ ನಿಂತಿದ್ದವು. ಮರಿಗಳ ದನಿ ಸಣ್ಣಗಾಗಿತ್ತು.

"ನಾಕು ದಿನ ಕೊಳ್ಳ ತಿರಿಗೀನಿ ಆಯಿ," ಎಂದ ಶಿವಾಜಿ. "ಜಾರು ಸಿಕ್ಕತಿ. ಅಲ್ಲಿಂದ ಏಳು ಸೀಳು ಹೋಗ್ಯಾವ. ಎಲ್ಲಾ ಒಂದ ನಮೂನಿ."

"ಕಣ್ಣಿಗೆ ಒಂದ ನಮೂನಿ," ಎಂದಳು ಹುಚ್ಚವ್ವ. "ನಡಿ ತಂಗಿ."

*

ಜಾರು ಎಂದರೆ ಆನೆಬೆನ್ನಿನಂಥ ಹಾಸುಬಂಡೆ. ಒಂಟೆ ಅದರ ಮೇಲಿಂದ ಸರಾಗ ಇಳಿಯಿತು. ಶಿವಾಜಿ ಸನಿಕೆ ಹೆಗಲಿಗೇರಿಸಿ ಹಿಂದೆ ಓಡಿ ಬಂದ. ಕೆಳಗೆ ಕೈಬೆರಳು ಹರಡಿದ ಹಾಗೆ ಏಳು ಸೀಳುಗಳು. ಕೊಳ್ಳದೊಳಗೆ ಗಾಳಿ ಇರಲಿಲ್ಲ. ಎಂಜಿನಿನ ಸದ್ದು ಗೋಡೆಗೆ ತಾಗಿ, ಬೇರೆ ಯಾರೋ ಬೈಕು ಓಡಿಸುತ್ತಿರುವಂತೆ ಮರಳಿ ಬರುತ್ತಿತ್ತು.

ಮೊದಲ ಸೀಳಿಗೆ ನುಗ್ಗಿದರು.

"ತೊಟ್ಟಿಲು," ಎಂದಳು ಹುಚ್ಚವ್ವ ಬೆನ್ನ ಹಿಂದಿನಿಂದ. "ಎರಡನೇದು. ಮೂರು."

ಸುಧಾರಾಣಿಯ ಎದೆ ಹಿಗ್ಗಿತು.

"ನಾಕು," ಎಂದಳು ಅಜ್ಜಿ. "ಐದು. ಆರು. ನಿಲ್ಲಸ ಬೇ, ಎಲ್ಲಾನೂ ತೊಟ್ಟಿಲ ಆಗೈತಿ."

ನಿಲ್ಲಿಸಲು ಆಗಲಿಲ್ಲ. ಸೀಳು ತಿರುಗಿದ ಕಡೆ ನೆಲ ಒಮ್ಮೆಗೇ ಇಳಿಜಾರಾಯಿತು. ಸಡಿಲ ಚಕ್ಕೆಕಲ್ಲು. ಹತ್ತು ಮಾರು ಮುಂದೆ ಇಳಿಜಾರು ಮುಗಿದು ಬರೀ ಆಕಾಶ ಇತ್ತು.

ಬ್ರೇಕು ಹಿಡಿದಳು.

ಮುಂಭಾಗ ಮುಗ್ಗರಿಸಿ ತಳಮುಟ್ಟ ಕುಸಿಯಿತು. ಹಿಂದಿನ ಗಾಲಿ ಎದ್ದಿತು. ಅಜ್ಜಿಯ ಭಾರ ಪೂರ್ತಿ ಅವಳ ಬೆನ್ನ ಮೇಲೆ ಬಂತು.

ಬಿಟ್ಟಳು. ಗಾಲಿ ನೆಲಕ್ಕೆ ಬಿತ್ತು. ಐದು ಮಾರು.

ಮತ್ತೆ ಹಿಡಿದಳು. ಫೋರ್ಕು ಮತ್ತೆ ಕುಸಿಯಿತು, ಮತ್ತೆ ಪುಟಿಯಿತು. ಎರಡು ಮಾರು.

ಅವಳು ಹ್ಯಾಂಡಲ್ಲನ್ನು ಎಡಕ್ಕೆ ತಿರುವಿ, ಬೈಕನ್ನು ಗೋಡೆಯ ಕಡೆ ವಾಲಿಸಿದಳು. ಎಡಗಾಲು ಬಂಡೆಗೆ ಉಜ್ಜಿತು. ಬೈಕು ಗೋಡೆಗೆ ಆತು ನಿಂತಿತು. ಒಂದು ಕಲ್ಲು ಉರುಳಿ ಅಂಚು ದಾಟಿತು. ಅದು ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

"ಆಯಿ, ನಿನಗ ಏನರೆ ಆತೇನು?"

"ನನಗೇನಾಗತೈತಿ? ಕಟ್ಟೀರಲ್ಲ," ಎಂದಳು ಹುಚ್ಚವ್ವ. ಆಮೇಲೆ ಗಾಳಿಗೆ ಮೂಗು ಚಾಚಿದಳು. "ಧೂಳ್ಯಾನ ಶೆಡ್ಡಿನ ವಾಸನಿ ಇಲ್ಲಿಗೆ ಹೆಂಗ ಬಂತು?"

ಸುಧಾರಾಣಿ ದಟ್ಟಿ ಬಿಚ್ಚಿ, ಅಜ್ಜಿಯನ್ನು ಗೋಡೆಯ ಬದಿಗೆ ಇಳಿಸಿ, ಫೋರ್ಕನ್ನು ನೋಡಿದಳು. ಎರಡೂ ಕಾಲುಗಳ ಮೇಲೆ ತೆಳ್ಳಗೆ ಎಣ್ಣೆ ಬೆವರಿತ್ತು. ಬೆರಳಿಗೆ ಹಚ್ಚಿ ಮೂಸಿದಳು. ದ್ರಾಕ್ಷಿಯ ಶೆಡ್ಡು. ಜೇನುಬಣ್ಣದ ಬೆಳಕು, ಹಲಗೆ, ಅಕ್ಕಪಕ್ಕದ ಡಬ್ಬಿಗಳು ಎಲ್ಲ ಕಣ್ಣ ಮುಂದೆ ಬಂದವು. ದ್ರಾಕ್ಷಿಯ ಮೇಣ ಬಿಡಿಸುವ ನೀರೆಣ್ಣೆಯನ್ನು ಫೋರ್ಕಿಗೆ ಹೊಯ್ದಿದ್ದಳು. ಅದರಲ್ಲಿ ಹಿಡಿತವೇ ಇಲ್ಲ. ಸ್ಪ್ರಿಂಗು ತನಗೆ ಬೇಕಾದ ಹಾಗೆ ಕುಣಿಯುತ್ತದೆ.

ಅವಳು ನೆಲದ ಮೇಲೆ ಕೂತಳು. ಒಂದು ಕೈ ಅಗಲ ಆಚೆಗೆ ಹೋಗಿದ್ದರೆ ಅಜ್ಜಿ ಇರುತ್ತಿರಲಿಲ್ಲ. ನಾಚಿಕೆಯಿಂದ ಅವಳಿಗೆ ಅಳು ಬಂತು, ತಡೆಯಲಿಲ್ಲ.

"ನನ್ನ ಕೈಲಿ ಆಗಂಗಿಲ್ಲ ಅಣ್ಣ. ಎಣ್ಣಿ ಡಬ್ಬಿ ಅದಲುಬದಲು ಮಾಡೀನಿ. ಸರಿಯಾದ ಎಣ್ಣಿ ತಿಕೋಟಾದಾಗ ಕುಂತೈತಿ."

ಅಷ್ಟರಲ್ಲಿ ಹಿಂದಿನಿಂದ ಬಂದು ಮುಟ್ಟಿದ್ದ ಶಿವಾಜಿ ಸೂರ್ಯನನ್ನು ನೋಡಿದ. ತಿಕೋಟಾಕ್ಕೆ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ.

"ಅಳೂದು ಆಮ್ಯಾಲ," ಎಂದಳು ಹುಚ್ಚವ್ವ. "ನಿಂದು ಎಂಥಾ ಎಣ್ಣಿ ಇರಬೇಕು? ದಪ್ಪ ಏನ ತೆಳ್ಳಗ?"

"ಇದಕ್ಕಿಂತ ದಪ್ಪ. ಆದ್ರ ಹರೀಬೇಕು."

ಮುದುಕಿ ಚೀಲದಿಂದ ಔಡಲೆಣ್ಣೆಯ ಬಾಟಲಿ ತೆಗೆದು ಕೊಟ್ಟಳು. "ಬಂಡಿಯ ಕೀಲಿಗೆ ನನ್ನ ಅಪ್ಪ ಇದನ್ನ ಹಾಕತಿದ್ದ."

ಸುಧಾರಾಣಿ ಬಾಟಲಿ ವಾಲಿಸಿ ನೋಡಿದಳು. ಕಾಕಂಬಿಯಂತೆ ಮೆಲ್ಲಗೆ ಸರಿಯಿತು. ಬಹಳ ದಪ್ಪ. ಇದೊಂದನ್ನೇ ಹಾಕಿದರೆ ಫೋರ್ಕು ಮರದ ಕೊರಡಾಗುತ್ತದೆ. ಕಣ್ಣೊರೆಸಿಕೊಂಡು ಎದ್ದಳು.

"ಅಣ್ಣ, ಚಂದ್ರಕಲಾ ವೈನಿ ಅಡಗಿಗೆ ಯಾವ ಎಣ್ಣಿ ಇಟ್ಟಾಳ?"

"ಕುಸುಬಿ ಎಣ್ಣಿ."

"ಇದ್ದಷ್ಟೂ ತಗೊಂಡು ಬಾ."

ಶಿವಾಜಿ ಹಟ್ಟಿಗೆ ಓಡಿದ. ಅವನು ಮರಳುವಷ್ಟರಲ್ಲಿ ಅವಳು ಕಾಲುಗಳ ತಳದ ತಿರುಪು ಬಿಚ್ಚಿ, ಹ್ಯಾಂಡಲ್ಲು ಅದುಮಿ ಅದುಮಿ, ಕೊನೆಯ ಹನಿ ದ್ರಾಕ್ಷಿಯೆಣ್ಣೆಯನ್ನೂ ಹೊರಗೆ ಹಾಕಿದ್ದಳು. ಚಂದ್ರಕಲಾ ಕುಸುಬಿ ಎಣ್ಣೆಯ ಕ್ಯಾನಿನ ಜೊತೆ ಒಂದು ಮಾತನ್ನೂ ಕಳಿಸಿದ್ದಳು: ಇವತ್ತಿನ ಪಲ್ಯ ನಿಮ್ಮ ಬೈಕೇ ಉಣ್ಣಲಿ.

ಚರಿಗೆಯಲ್ಲಿ ಎರಡೂ ಎಣ್ಣೆ ಕಲಸಿ, ಮುಳ್ಳುಕಡ್ಡಿ ಅದ್ದಿ ಎತ್ತಿ, ಹನಿ ಬೀಳುವುದನ್ನು ಎಣಿಸಿದಳು. ಕಾಲುಗಳಿಗೆ ತುಂಬಿ ಅದುಮಿ ನೋಡಿದಳು. ಸರಿ ಎನಿಸಿತು. ಆದರೆ ಇಂದು ತನ್ನ ಅನಿಸಿಕೆಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

"ಆಯಿ, ನೀನ ನೋಡು."

ಹುಚ್ಚವ್ವ ಎರಡೂ ಕೈಯಿಂದ ಹ್ಯಾಂಡಲ್ಲನ್ನು ಒತ್ತಿದಳು. ಬಿಟ್ಟಳು. ಕುದುರೆಯ ಉಸಿರಾಟ ಕೇಳುವವಳಂತೆ ತಲೆ ವಾಲಿಸಿದ್ದಳು. "ಇನ್ನೂ ಪುಟೀತೈತಿ. ಔಡಲೆಣ್ಣಿ ಒಂದೊಂದು ಗುಟುಕು ಹಾಕು."

ಹಾಕಿದಳು. ಅಜ್ಜಿ ಮತ್ತೆ ಒತ್ತಿದಳು. ಮುಂಭಾಗ ಮೆಲ್ಲಗೆ ಇಳಿದು, ಮೆಲ್ಲಗೆ ಎದ್ದು, ನಿಂತಿತು. ಅಕ್ರಮ್‌ನ ಅಂಗಡಿಯಲ್ಲಿ ಕೇಳಿದ ನಿಟ್ಟುಸಿರೇ ಮತ್ತೆ ಕೇಳಿತು.

"ಆತು," ಎಂದಳು ಹುಚ್ಚವ್ವ. "ಈಗ ಕುಂಟೂದಿಲ್ಲ."

*

ಎರಡನೆಯ ಸೀಳು. ಅಜ್ಜಿಯನ್ನು ಬೆನ್ನಿಗೆ ಕಟ್ಟಿಕೊಂಡು ಜಾರಿನ ಬುಡದಿಂದ ಮತ್ತೆ ಶುರು. ಹುಚ್ಚವ್ವ ಸೆರಗು ಮುಖದ ಮೇಲೆ ಎಳೆದುಕೊಂಡಳು, ಅಂದು ಕಂಬಳಿ ಇದ್ದ ಹಾಗೆ. ಕೆನ್ನೆಯನ್ನು ಮೊಮ್ಮಗಳ ಬೆನ್ನಿಗೆ ಒತ್ತಿದಳು.

"ಒಂದು ತೊಟ್ಟಿಲು. ಆಮ್ಯಾಲ ಬರೇ ಕಲ್ಲು. ಇದಲ್ಲ."

ಮೂರನೆಯದರಲ್ಲಿ ತೊಟ್ಟಿಲೇ ಇರಲಿಲ್ಲ. ನಾಲ್ಕನೆಯದರಲ್ಲಿ ಎರಡು. ನೆರಳುಗಳು ಒಂದು ಗೋಡೆಯಿಂದ ಇಳಿದು ಇನ್ನೊಂದನ್ನು ಹತ್ತತೊಡಗಿದ್ದವು. ಶಿವಾಜಿ ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದ.

ಐದನೆಯ ಸೀಳು ಎಲ್ಲಕ್ಕಿಂತ ಇಕ್ಕಟ್ಟು. ಒಳಗೆ ಹೊಕ್ಕ ಮೇಲೆ ಬೆಳಕು ಮೇಲಿಂದ ಒಂದು ಪಟ್ಟಿಯಾಗಿ ಮಾತ್ರ ಬೀಳುತ್ತಿತ್ತು. ಧೂಳು ಆ ಪಟ್ಟಿಯಲ್ಲಿ ಅಲುಗದೆ ನಿಂತಿತ್ತು. ಕಣ್ಣಿಗೆ ನೆಲ ಸಪಾಟು. ಸುಧಾರಾಣಿ ಎರಡನೆಯ ಗೇರಿನಲ್ಲಿ, ನಡಿಗೆಯ ವೇಗದಲ್ಲಿ ಹೋದಳು. ಎಂಜಿನಿನ ಗುನುಗು, ಅಜ್ಜಿಯ ಬೆಚ್ಚಗಿನ ಕೆನ್ನೆ. ಎಚ್ಚರವೋ ಕನಸೋ ಅನ್ನಿಸುವ ಹೊತ್ತು.

"ತೊಟ್ಟಿಲು," ಎಂದಳು ಹುಚ್ಚವ್ವ. ದನಿ ಬದಲಾಗಿತ್ತು, ಸಣ್ಣ ಹುಡುಗಿಯದಾಗಿತ್ತು.

ಈ ಸಲ ಅದು ಸುಧಾರಾಣಿಗೂ ತಿಳಿಯಿತು. ಕೈಗೆ ಬಂತು. ನೆಲ ಅವಳನ್ನು ಎತ್ತಿ, ಇಳಿಸಿ, ಬಿಟ್ಟಿತ್ತು.

"ಎರಡು."

ಮತ್ತೆ ಎತ್ತಿತು.

"ಮೂರು. ಮೆಲ್ಲಕ ಹೋಗ ಬೇ, ಮೆಲ್ಲಕ."

ನಾಲ್ಕನೆಯದು ಬರಲಿಲ್ಲ. ಅದರ ಬದಲು ಹ್ಯಾಂಡಲ್ಲಿನಲ್ಲಿ ಸಣ್ಣ ನಡುಕ ಶುರುವಾಯಿತು. ಮಣ್ಣಿನಡಿ ಹೂತ ಕಲ್ಲಿನ ಅಂಚುಗಳು ಸಾಲಾಗಿ, ಸಮವಾಗಿ ಗಾಲಿಗೆ ತಾಗುತ್ತಿದ್ದವು. ಹಳೆಯ ಬುಷ್ ಇದ್ದಿದ್ದರೆ ಇದು ಬರೀ 'ಟಕಟಕ' ಆಗಿರುತ್ತಿತ್ತು. ನಿನ್ನೆಯ ಎಣ್ಣೆ ಇದ್ದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಈಗ ಒಂದೊಂದು ಹಲ್ಲೂ ಬೇರೆಬೇರೆಯಾಗಿ ಬಂತು.

"ದವಡಿ," ಎಂದಳು ಹುಚ್ಚವ್ವ. ಅವಳ ಕೈ ಮೊಮ್ಮಗಳ ಹೆಗಲನ್ನು ಬಿಗಿ ಹಿಡಿದಿತ್ತು. "ಇದ ದವಡಿ."

ನಡುಕ ನಿಂತಿತು. ಮುಂದಿನ ಗಾಲಿ ಮೆತ್ತಗೆ ಹೂತುಕೊಂಡಿತು.

ಸುಧಾರಾಣಿ ಎಂಜಿನ್ ಆರಿಸಿ, ದಟ್ಟಿ ಬಿಚ್ಚಿ ಅಜ್ಜಿಯನ್ನು ಇಳಿಸಿದಳು. ಕೊಳ್ಳ ಪೂರ್ತಿ ಮೌನವಾಯಿತು. ಎದುರಿಗೆ ಕಾಣುತ್ತಿದ್ದದ್ದು ಒಂದು ತುಂಡು ಒಣಮರಳು, ಒಂದು ಕುರುಚಲು ಜಾಲಿ, ಅಷ್ಟೆ. ಶಿವಾಜಿ ಬಂದು ನೋಡಿದ, ಮುಖ ಬಾಡಿತು.

"ಇಲ್ಲೇನೂ ಇಲ್ಲ ಆಯಿ."

"ಗಾಲಿ ಹೂತಲ್ಲಿ ಅಗಿ."

ಅಗೆದ. ಮೊಣಕೈ ಆಳಕ್ಕೆ ಒಣಮರಳು. ಸುಧಾರಾಣಿ ಮಂಡಿಯೂರಿ ಕೈಯಿಂದ ಬಾಚತೊಡಗಿದಳು. ಇನ್ನೊಂದು ಮೊಳ. ಉಗುರಿನ ಸಂದಿಗೆ ಬಂದ ಮರಳು ಉದುರಲಿಲ್ಲ, ಅಂಟಿಕೊಂಡಿತು. ಅವಳು ಅಣ್ಣನ ಮುಖ ನೋಡಿದಳು. ಇಬ್ಬರೂ ಅಗೆದರು. ಮರಳು ಕಪ್ಪಾಯಿತು, ತಣ್ಣಗಾಯಿತು. ಆಮೇಲೆ ಗುಂಡಿಯ ತಳದಲ್ಲಿ ಒಂದು ಬೆರಳಗಲ ನೀರು ಕಣ್ಣು ಬಿಟ್ಟಿತು. ಮೊದಲು ರಾಡಿಯಾಗಿದ್ದದ್ದು ನೋಡನೋಡುತ್ತ ತಿಳಿಯಾಯಿತು, ಮೇಲಕ್ಕೇರಿತು.

ಶಿವಾಜಿ ಬೊಗಸೆಯಲ್ಲಿ ತುಂಬಿಕೊಂಡು ಬಾಯಿಗೆ ಒಯ್ಯುತ್ತಿದ್ದ. ಹುಚ್ಚವ್ವ ಕೇಳಿಸಿಕೊಂಡೇ ತಡೆದಳು.

"ಏ ಶಿವಾ. ಪದ್ಧತಿ ಮರತೇನು? ದಾರಿ ತೋರಿಸಿದ ಕುದರಿಗೆ ಮೊದಲ ನೀರು. ಆಮ್ಯಾಲ ಕುರಿ. ಆಮ್ಯಾಲ ನಾವು."

ಅವನ ಕೈ ಅಲ್ಲಿಯೇ ನಿಂತಿತು. ಸುಧಾರಾಣಿ ಅಜ್ಜಿಯ ಕೈ ಹಿಡಿದು ಗುಂಡಿಯ ಹತ್ತಿರ ಕರೆತಂದಳು. ಹುಚ್ಚವ್ವ ಮರಳಿನಲ್ಲಿ ಕೂತು, ಎರಡೂ ಕೈಯಲ್ಲಿ ನೀರು ಮೊಗೆದು, ಕಾಲಿನಿಂದಲೇ ತಡಕುತ್ತ ಬೈಕಿನ ಹತ್ತಿರ ಬಂದಳು. ಧೂಳು ಹಿಡಿದ ಎರಡೂ ಮುಂಗಾಲುಗಳ ಮೇಲೆ ಮೆಲ್ಲಗೆ ಹೊಯ್ದಳು. ನೀರು ಫೋರ್ಕಿನ ಉದ್ದಕ್ಕೂ ಇಳಿದು ಮರಳಿಗೆ ಸೇರಿತು.

ಆಮೇಲೆ ಒದ್ದೆ ಕೈಯನ್ನು ಮೊಮ್ಮಗಳ ತಲೆಯ ಮೇಲೆ ಇಟ್ಟಳು. "ನೀನು ಕುರಿ ಬಿಟ್ಟು ಹೋದಾಕಿ ಅಂತ ತಿಳಿದಿದ್ದೆ. ನಮ್ಮ ಕುದರಿ ಕಾಯಾಕ ಹೋಗಿದ್ದಿ."

ಸುಧಾರಾಣಿಗೆ ಮತ್ತೆ ಅಳು ಬಂತು. ಮಧ್ಯಾಹ್ನ ಬಂದದ್ದು ನಾಚಿಕೆಯ ಅಳು, ಈಗಿನದು ಬೇರೆ. ಶಿವಾಜಿ ಅತ್ತ ನೋಡದೆ, ಬೈಕಿನಿಂದ ಜಾರಿ ಮರಳಿಗೆ ಬಿದ್ದಿದ್ದ ಅವಳ ಪಾನಾವನ್ನು ಎತ್ತಿ, ತನ್ನ ಹೆಗಲ ಮೇಲಿನ ಟವಲಿನಿಂದ ಎಣ್ಣೆ, ಮರಳು ಎಲ್ಲ ಒರೆಸಿದ. ಹೊಳೆಯುವವರೆಗೆ ಒರೆಸಿ ಅವಳ ಕೈಗೆ ಕೊಟ್ಟ.

ಹೊತ್ತು ಮುಳುಗುವ ಮುಂಚೆ ಹಿಂಡು ಜಾರಿನ ಮೇಲಿಂದ ಇಳಿಯಿತು. ಚಂದ್ರಕಲಾ ಎರಡು ಮರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಬಂದಳು. ಗುಂಡಿ ಈಗ ಹೊಂಡವಾಗಿತ್ತು. ಕುರಿಗಳು ಸರದಿಯ ಮೇಲೆ ಕುಡಿದವು. ಇನ್ನೂರ ನಲವತ್ತು ಬಾಯಿಗಳು ನೀರು ಹೀರುವ ಸದ್ದನ್ನು ಹುಚ್ಚವ್ವ ಕಣ್ಣು ಮುಚ್ಚಿ ಕೇಳಿದಳು. ಕೊನೆಯಲ್ಲಿ ಮನುಷ್ಯರು ಕುಡಿದರು. ನೀರು ನಿಜಕ್ಕೂ ಸಿಹಿಯಾಗಿತ್ತು.

*

ಮರುದಿನ ಇಳಿಹೊತ್ತಿಗೆ ಅಜ್ಜಿ, ಮೊಮ್ಮಗಳು ತಿಕೋಟಾಕ್ಕೆ ಮರಳಿದರು. ದಾರಿಯುದ್ದಕ್ಕೂ ಹುಚ್ಚವ್ವ ಮಾತಾಡಲಿಲ್ಲ. ಡೋಣಿಯ ಹನಿ ಸಿಡಿದಾಗಲೂ ಹೆಸರು ಹೇಳಲಿಲ್ಲ. ದಟ್ಟಿಯಲ್ಲಿ ಕಟ್ಟಿಸಿಕೊಂಡು, ಕೆನ್ನೆಯನ್ನು ಸುಧಾರಾಣಿಯ ಬೆನ್ನಿಗೆ ಒತ್ತಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ತಗ್ಗು ಬಂದವು, ದಿಬ್ಬ ಬಂದವು, ತಲೆ ಅಲುಗಲಿಲ್ಲ. ಎಂಜಿನ್ ಬಿಸಿಯಾದಂತೆ ಫೋರ್ಕಿನ ಕಡೆಯಿಂದ ಔಡಲೆಣ್ಣೆಯ ಸಣ್ಣ ವಾಸನೆ ಬರುತ್ತಿತ್ತು.

ಧೂಳಪ್ಪ ಬಾಗಿಲಲ್ಲಿ ಎರಡು ಡಬ್ಬಿ ಹಿಡಿದು ನಿಂತಿದ್ದ. ಒಂದರ ಮೇಲೆ ಸುಣ್ಣದಿಂದ ದ್ರಾಕ್ಷಿಗೊಂಚಲು, ಇನ್ನೊಂದರ ಮೇಲೆ ಒಂಟೆಯ ಚಿತ್ರ ಬರೆದಿದ್ದ. ಒಂಟೆ ಕುರಿಯಂತೆ ಕಾಣುತ್ತಿತ್ತು.

ಸುಧಾರಾಣಿ ನಗು ತಡೆದುಕೊಂಡು, ಮೆಲ್ಲಗೆ ಬೈಕು ನಿಲ್ಲಿಸಿದಳು. ಬೆನ್ನ ಹಿಂದೆ ಹುಚ್ಚವ್ವ ಮಿಸುಕಿದಳು.

"ಯಾಕ ನಿಂತಿ?"

"ಮನಿ ಬಂತು ಆಯಿ."

ಮುದುಕಿ ಸೆರಗನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡಳು. "ನನ್ನ ನಿದ್ದಿ ಇನ್ನೂ ಮುಗದಿಲ್ಲ. ಬಸ್ ಸ್ಟ್ಯಾಂಡಿನ ತನಕ ಇನ್ನೊಂದು ಸುತ್ತು ಹೊಡಿ."

ಸುಧಾರಾಣಿ ಕಾಕಾನ ಕಡೆ ನೋಡಿ ಹುಬ್ಬೇರಿಸಿ, ಕಿಕ್ ಒದ್ದಳು.